ಮೂರು ಪದ ಕೇಳಿ ಕೂತಿರುವ ಪೆಟ್ಟಿಗೆ ಕಂಪ್ಯೂಟರ್ ಅವರಿಗೆ

ಹಿಡಿಕೆಯುಳ್ಳವರೂ, ಹದಿಮೂರು ಕಿಲೋ ತೂಗುವವರೂ, ಮುಚ್ಚಳವನ್ನೇ ಕೀಬೋರ್ಡಾಗಿ ಉಳ್ಳವರೂ, ಅಂಗೈ ಅಗಲದ ಹಸಿರು ಪರದೆಯವರೂ ಆದ ತಮಗೆ, ಹಿಂದಿನ ಬೀದಿಯ ನಲವತ್ತಮೂರು ಬಾಗಿಲುಗಳ ಪರವಾಗಿ ಬಾಡಿಗೆದಾರರ ಸಂಘದ ಕಾರ್ಯದರ್ಶಿ ಮಾಡುವ ನಮಸ್ಕಾರಗಳು. ಎರಡೂ ಕೈ ಜೋಡಿಸಿಯೇ ಮಾಡುತ್ತಿದ್ದೇನೆ. ಅದಕ್ಕಾಗಿ ತಮ್ಮನ್ನು ಮೊದಲು ಕೆಳಗಿಡಬೇಕಾಯಿತು.

ಮಾನ್ಯರೇ,

ಕೊಟ್ಟ ಮಾತೇನು, ಕೈಗೆ ಸಿಕ್ಕಿದ್ದೇನು ಎಂಬುದನ್ನು ಸುತ್ತಿ ಬಳಸದೆ ಮೊದಲೇ ಹೇಳಿಬಿಡುವುದು ನಮ್ಮ ಸಂಘದ ರೂಢಿ. ತಾವು ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಯಂತ್ರ ಎಂದು ತಮ್ಮ ಜೊತೆ ಬಂದ ಪುಸ್ತಿಕೆಯ ಮೊದಲ ಪುಟದಲ್ಲೇ ಅಚ್ಚಾಗಿತ್ತು; ಒಯ್ದ ನನ್ನ ಬಲಭುಜ ಇವತ್ತಿಗೂ ಎಡಭುಜಕ್ಕಿಂತ ಒಂದು ಬೆರಳು ಕೆಳಗಿದೆ. ಮನೆಮಂದಿಯೆಲ್ಲ ಬಳಸಬಹುದು ಎಂದಿತ್ತು. ಚಿತ್ರದಲ್ಲಿ ತಂದೆ, ತಾಯಿ, ಇಬ್ಬರು ಮಕ್ಕಳು ತಮ್ಮೆದುರು ಹಲ್ಲು ಕಿರಿಯುತ್ತ ಕೂತಿದ್ದರು. ನಮ್ಮ ಇಡೀ ಬೀದಿಯಲ್ಲಿ ತಮ್ಮನ್ನು ಬಳಸಲು ಬಂದದ್ದು ಒಬ್ಬನಿಗೆ, ಅವನು ನಗುವ ಜಾತಿಯಲ್ಲ. ಒಮ್ಮೆ ಬರೆದದ್ದನ್ನು ತಾವು ಮರೆಯುವ ಪ್ರಶ್ನೆಯೇ ಇಲ್ಲ ಎಂದಿತ್ತು. ಈ ವಿಷಯದಲ್ಲಿ ತಮ್ಮ ಮೇಲೆ ನನಗಿರುವುದು ದೂರೋ ಹೊಟ್ಟೆಕಿಚ್ಚೋ ಎಂಬುದನ್ನು ಮುಂದೆ ತಾವೇ ತೀರ್ಮಾನಿಸಬೇಕು. ಕಾಗದದ ಕಾಲ ಮುಗಿಯಿತು ಎಂದಿತ್ತು. ಇದೊಂದು ಮಾತನ್ನು ಮಾತ್ರ ತಾವು ಅಕ್ಷರಶಃ ನಡೆಸಿಕೊಟ್ಟಿರಿ.

ಇನ್ನು ಇಲ್ಲವೆಂದದ್ದು. ನಮ್ಮ ಲಿಪಿ ಬರುವುದಿಲ್ಲ ಎಂದಿರಿ, ನಮ್ಮ ಹೆಸರುಗಳಿಗೆಲ್ಲ ಇಂಗ್ಲಿಷ್ ಅಕ್ಷರದ ಅಂಗಿ ತೊಡಿಸಿ ತಮ್ಮೊಳಗೆ ಕಳಿಸಿದೆವು. ಬಿಸಿಲು ಬೇಡ ಎಂದಿರಿ, ಪರದೆಯ ಸುತ್ತ ರಟ್ಟಿನ ಗೂಡು ಕಟ್ಟಿಕೊಟ್ಟೆವು. ಈಗ ಮೂವತ್ತೆಂಟು ವರ್ಷದ ಮೇಲೆ ಬಾಗಿಲು ತಟ್ಟಿ ನಮ್ಮದೇ ಪಟ್ಟಿಯನ್ನು ನಮಗೆ ಕೊಡಿ ಎಂದರೆ, ಕೊಡುವುದಿಲ್ಲ ಎನ್ನುತ್ತಿದ್ದೀರಿ. ಈ ಬಹಿರಂಗ ಪತ್ರ ಆ ಕೊನೆಯ ನಿರಾಕರಣೆಯ ವಿರುದ್ಧ.

ತಾವು ಅಷ್ಟು ವರ್ಷ ನಮ್ಮ ಅತ್ತಿಗೆಯ ರೇಡಿಯೊ ರಿಪೇರಿ ಅಂಗಡಿಯಲ್ಲಿ ಸತ್ತ ಟಿವಿಗಳ ನಡುವೆ ಟೇಬಲ್ ಫ್ಯಾನಿಗೆ ಪೀಠವಾಗಿ ಧ್ಯಾನದಲ್ಲಿದ್ದುದರಿಂದ ಹೊರಗಿನ ಸಂಗತಿ ತಮಗೆ ತಿಳಿದಿರಲಾರದು. ಹಿಂದಿನ ಬೀದಿಯನ್ನು ಕೆಡವಿ ಹೊಸದಾಗಿ ಕಟ್ಟುತ್ತಾರೆ. ಮೊದಲ ನೋಟಿಸು ಬಂದ ವರ್ಷಕ್ಕೆ ಮುಂಚೆ ಇಲ್ಲಿದ್ದೆವು ಎಂದು ತೋರಿಸಿದವರಿಗೆ ಇದೇ ಬೀದಿಯಲ್ಲಿ ಹೊಸ ಕೋಣೆ. ತೋರಿಸಲಾಗದವರಿಗೆ ಕೊನೆಯ ಬಸ್ ನಿಲ್ದಾಣದಿಂದಾಚೆ, ಇನ್ನೂ ದೀಪದ ಕಂಬವೂ ಬಾರದ ಬಯಲಿನಲ್ಲಿ ಒಂದು ಸಂಖ್ಯೆ. ನಲವತ್ತೆರಡು ಬಾಗಿಲುಗಳ ಬಳಿ ಏನೋ ಒಂದು ಚೀಟಿ ಇದೆ. ಹತ್ತೊಂಬತ್ತನೇ ಬಾಗಿಲಿಗೆ ಇಲ್ಲ.

ಹತ್ತೊಂಬತ್ತನೇ ಬಾಗಿಲು ಹೊಲಿಗೆ ಅಕ್ಕನದು. ಪ್ಯಾಂಟು ಗಿಡ್ಡ ಮಾಡುವುದು, ಕೊರಳಪಟ್ಟಿ ತಿರುಗಿಸಿ ಹೊಲಿಯುವುದು, ಕಿತ್ತ ಜಿಪ್ ಕೂರಿಸುವುದು, ಬೆಳೆದ ಮಕ್ಕಳ ಅಂಗಿಯ ಮಡಿಕೆ ಬಿಚ್ಚುವುದು ಅವರ ಕಸುಬು. ಅವರಲ್ಲಿಗೆ ಬರುವವರೆಲ್ಲ ಕಾಲ್ನಡಿಗೆಯವರು. ಒಂದು ಗುಂಡಿ ಹಾಕಿಸಲು ಯಾರೂ ಎರಡು ಬಸ್ಸು ಬದಲಿಸಿ ಬಯಲಿಗೆ ಹೋಗುವುದಿಲ್ಲ. ಕೋಣೆ ಹೋದರೆ ಅವರ ಕೆಲಸ ಹೋಯಿತು, ಅಷ್ಟೇ. ಆದರೆ ಪುನರ್ವಸತಿ ಕಚೇರಿಯ ಪುಸ್ತಕದಲ್ಲಿ ಆ ಬಾಗಿಲಿಗೆ ಇರುವುದು ಅವರ ಗಂಡನ ಹೆಸರು. ಆ ಮಹಾನುಭಾವ ಕೊಡೆ ರಿಪೇರಿ ಮಾಡಿಸಿಕೊಂಡು ಬರುತ್ತೇನೆಂದು ಹೋಗಿ ಮೂವತ್ತೊಂಬತ್ತು ವರ್ಷವಾಯಿತು. ಕೊಡೆ ರಿಪೇರಿ ಇನ್ನೂ ನಡೆಯುತ್ತಿರಬೇಕು. ಮನೆಯ ಯಜಮಾನರು ಖುದ್ದು ಹಾಜರಾಗತಕ್ಕದ್ದು ಎಂದು ಕಚೇರಿ ಮೂರು ಸಲ ನೋಟಿಸು ಕಳಿಸಿದೆ. ಮೂರನ್ನೂ ಅಕ್ಕ ಬಟ್ಟೆ ಕತ್ತರಿಸುವ ಅಳತೆಯ ನಮೂನೆಗೆ ಬಳಸಿಕೊಂಡಿದ್ದಾರೆ.

ಇಡೀ ಲೋಕದಲ್ಲಿ ಆ ಬಾಗಿಲಿಗೆ ಅಕ್ಕನೇ ಯಜಮಾನಿ ಎಂದು ಬರೆದಿರುವ ಜಾಗ ಒಂದೇ, ಅದು ತಮ್ಮ ಹೊಟ್ಟೆ. ನೆನಪಿಸುತ್ತೇನೆ. ಮೂವತ್ತೆಂಟು ವರ್ಷದ ಹಿಂದೆ ನೋಟಿಸು ಬರುವ ಸುದ್ದಿ ಮೊದಲೇ ತಿಳಿದು, ನಾವು ಮೂವರು ಎರಡು ವಾರ ಮನೆಮನೆ ಸುತ್ತಿ ಪಟ್ಟಿ ಮಾಡಿದೆವು. ಶಾಲೆಯ ಟೀಚರಮ್ಮ ಪ್ರಶ್ನೆ ಕೇಳುತ್ತಿದ್ದರು. ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದ, ಬೀದಿಯೆಲ್ಲ ‘ಮೊಳೆ’ ಎಂದೇ ಕರೆಯುತ್ತಿದ್ದ ಗೆಳೆಯ ಉತ್ತರ ಬರೆದುಕೊಳ್ಳುತ್ತಿದ್ದ. ತಮ್ಮನ್ನು ಬಳಸಲು ಕಲಿತ, ನಗದ ಮನುಷ್ಯ ಇವನೇ. ನಾನು ಪ್ರತಿ ಬಾಗಿಲಲ್ಲೂ ಒಂದು ಭಾಷಣ ಮಾಡುತ್ತಿದ್ದೆ. ಕಚೇರಿಯ ಗಣತಿದಾರರೊಬ್ಬರು ಜೊತೆಗಿದ್ದು ದಿನದ ಕೊನೆಗೆ ಸಹಿ ಹಾಕುತ್ತಿದ್ದರು. ಹತ್ತೊಂಬತ್ತರಲ್ಲಿ ಟೀಚರಮ್ಮ ಮನೆಯ ಯಜಮಾನರು ಯಾರು ಎಂದು ಕೇಳಿದಾಗ, ಇಪ್ಪತ್ತನಾಲ್ಕರ ಆ ಹುಡುಗಿ ಹೊಲಿಗೆ ಯಂತ್ರದ ಕಾಲು ನಿಲ್ಲಿಸದೆ ಹೇಳಿದ್ದು: “ಯಜಮಾನ ಓಡಿಹೋಗಿ ವರ್ಷ ಆಯ್ತು. ಇರೋಳು ನಾನು, ದುಡಿಯೋಳು ನಾನು. ನನ್ನ ಹೆಸರು ಬರ್ಕೊಳ್ಳಿ.” ಅಂಕಣದಲ್ಲಿ ಗಂಡಸಿನ ಹೆಸರು ಬರಬೇಕಲ್ಲ ಎಂದು ಮೊಳೆ ತಡವರಿಸಿದ, ಟೀಚರಮ್ಮ ಅವನ ಕೈಯಿಂದ ಪೆನ್ನು ಕಿತ್ತುಕೊಂಡು ತಾವೇ ಬರೆದರು, ಗಣತಿದಾರರು ಕೆಮ್ಮಿ ಸಹಿ ಹಾಕಿದರು. ನಾನೂ ಆ ಸಂದರ್ಭಕ್ಕೆ ತಕ್ಕ ಭಾಷಣ ಮಾಡಿದೆ ಎಂದು ನನ್ನ ನೆನಪು.

ಆ ಪಟ್ಟಿ ತಮ್ಮೊಳಗೆ ಹೋದದ್ದು ಹೇಗೆಂದರೆ, ಬೀದಿಯ ಡಾಕ್ಟರು ಬೇರೆ ಊರಿಗೆ ಹೋಗುವಾಗ ತಮ್ಮನ್ನು ಹೊತ್ತೊಯ್ಯಲಾರದೆ ಸಂಘಕ್ಕೆ ದಾನ ಮಾಡಿದರು. ಒಯ್ಯಬಹುದಾದ ಯಂತ್ರವನ್ನು ಒಯ್ಯಲಾರದೆ ಬಿಟ್ಟುಹೋದರು ಎಂಬುದನ್ನು ನಾವು ಆಗಲೇ ಗಮನಿಸಬೇಕಿತ್ತು. ಮೊಳೆ ಪುಸ್ತಿಕೆಯನ್ನು ಕೂಡಿಸಿ ಓದಿ ತಮ್ಮ ಭಾಷೆ ಕಲಿತ, ಪಟ್ಟಿಯನ್ನು ಫ್ಲಾಪಿಗೆ ಏರಿಸಿದ. ಕಾಗದದ ಕಾಲ ಮುಗಿಯಿತೆಂಬ ತಮ್ಮ ಮಾತನ್ನು ನಾವು ಎಷ್ಟು ನಂಬಿದೆವೆಂದರೆ, ಕೈಬರಹದ ಮೂಲ ಹಾಳೆಗಳ ಹಿಂಬದಿ ಖಾಲಿ ಇದೆಯಲ್ಲ ಎಂದು ಅವುಗಳ ಮೇಲೆ ಕರಪತ್ರ ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿಬಿಟ್ಟೆವು. ಬೇರೆ ಯಾವ ಮೂರ್ಖರೂ ಈ ತಪ್ಪು ಮಾಡಲಾರರು. ಚಳವಳಿಯವರು ಮಾತ್ರ ಖಾಲಿ ಬೆನ್ನಿನ ಕಾಗದ ಕಂಡರೆ ಸುಮ್ಮನೆ ಬಿಡುವುದಿಲ್ಲ. ಉಳಿದದ್ದು ತಮ್ಮ ಜೊತೆಗಾರ ಪ್ರಿಂಟರ್ ಮಹಾಶಯರು ಬಿಸಿ ಮಾಡಿ ಬರೆದುಕೊಟ್ಟ ಎರಡು ಪ್ರತಿ. ಒಂದನ್ನು ಕಚೇರಿಗೆ ಕೊಟ್ಟೆವು. ಅದರ ಬಗ್ಗೆ ‘ಕಡತ ಲಭ್ಯವಿಲ್ಲ’ ಎಂಬ ಎರಡು ಪದಗಳ ಮಹಾಕಾವ್ಯ ನಮಗೆ ಲಭ್ಯವಾಗಿದೆ. ಇನ್ನೊಂದನ್ನು ನಾನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಬ್ಬಿಣದ ಟ್ರಂಕಿನಲ್ಲಿ ಕಾಪಾಡಿದ್ದೆ. ಕಳೆದ ತಿಂಗಳು ಹೊಲಿಗೆ ಅಕ್ಕನ ಎದುರು ಹೆಮ್ಮೆಯಿಂದ ಬಿಚ್ಚಿದಾಗ ಹಾಳೆಗಳು ಹತ್ತಿಯಷ್ಟು ಬೆಳ್ಳಗಿದ್ದವು. ಒಂದಕ್ಷರವಿಲ್ಲ. ಆ ಬಗೆಯ ಕಾಗದದ ಬರಹ ಕೆಲವೇ ವರ್ಷಕ್ಕೆ ಮಾಸಿಹೋಗುತ್ತದಂತೆ. ಅಕ್ಕ ಒಂದು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಮಡಿಚಿ, ವಾಪಸು ಕೊಟ್ಟರು. ನಾನು ಅರವತ್ತೆಂಟು ವರ್ಷದಲ್ಲಿ ಲಾಠಿ ಏಟು ತಿಂದಿದ್ದೇನೆ, ಜೈಲಿನ ನೆಲದಲ್ಲಿ ಮಲಗಿದ್ದೇನೆ. ಹಾಗೆ ಮಡಿಚಿ ಕೊಟ್ಟದ್ದು ಅವೆರಡಕ್ಕಿಂತ ಹೆಚ್ಚು ತಗುಲಿತು.

ಹೀಗೆ ತಮ್ಮ ಮೊರೆ ಹೊಕ್ಕೆವು. ಕಚೇರಿಯ ಮೂರನೇ ಮಹಡಿಗೆ ಆರು ಸಲ ಹತ್ತಿ, ಕೊನೆಗೆ ಒಂದು ಲಿಖಿತ ಭರವಸೆ ತಂದಿದ್ದೇನೆ: ಮುಂದಿನ ಮಂಗಳವಾರ ಸಂಜೆ ನಾಲ್ಕಕ್ಕೆ ಗುಮಾಸ್ತರೊಬ್ಬರು ಬೀದಿಗೆ ಬರುತ್ತಾರೆ, ಗಣತಿ ನಡೆದ ಕಾಲದ ಯಂತ್ರದ ಪರದೆಯ ಮೇಲೆ ಪಟ್ಟಿಯನ್ನು ಕಣ್ಣಾರೆ ಕಂಡರೆ ದಾಖಲು ಮಾಡಿಕೊಳ್ಳುತ್ತಾರೆ, ಕಾಣದಿದ್ದರೆ ಹತ್ತೊಂಬತ್ತನೇ ಬಾಗಿಲಿನ ಕಡತ ಮುಚ್ಚುತ್ತಾರೆ. ಗುಮಾಸ್ತರು ಇನ್ನೊಮ್ಮೆ ಬರುವುದಿಲ್ಲ.

ತಮ್ಮನ್ನು ಎಬ್ಬಿಸಿದ ಕೀರ್ತಿ ಅತ್ತಿಗೆಯದು. ಎಪ್ಪತ್ತೊಂದು ವರ್ಷ, ಕಣ್ಣಿಗೆ ಭೂತಗನ್ನಡಿ, ಕೈಯಲ್ಲಿ ಬೆಸುಗೆಯ ಕಡ್ಡಿ, ಬಾಯಲ್ಲಿ ಕಡಿಮೆ ಮಾತು. ಅವರು ಕೈ ತೊಳೆಯಲು ಒಳಗೆ ಹೋದಾಗ ನಾನು, ಜನತೆಯ ಆತುರವನ್ನು ಪ್ರತಿನಿಧಿಸಿ, ತಮ್ಮ ಪ್ಲಗ್ ಚುಚ್ಚಿ ಸ್ವಿಚ್ ಹಾಕಿದ್ದನ್ನು ತಾವು ಬಲ್ಲಿರಿ. ನಾಲ್ಕು ನಿಮಿಷ ಸಭ್ಯವಾಗಿ ಗುನುಗಿ, ಐದನೆಯ ನಿಮಿಷಕ್ಕೆ ಢಬ್ ಎಂದಿರಿ. ಕೊಳೆತ ಮೀನಿನ ವಾಸನೆಯ ಹೊಗೆ ಅಂಗಡಿ ತುಂಬಿ ಬೀದಿಗೆ ಹರಿಯಿತು. ಪಕ್ಕದ ಬೀಗದ ಅಂಗಡಿಯವರು ಅಶ್ರುವಾಯು ಎಂದುಕೊಂಡು ಹಳೆಯ ಅಭ್ಯಾಸದಂತೆ ಕರವಸ್ತ್ರ ಒದ್ದೆ ಮಾಡಿಕೊಂಡು ಬಂದರು. ಸಿಡಿದದ್ದು ಕರೆಂಟು ಬರುವ ಬಾಯಲ್ಲಿನ ಒಂದು ಕೆಪ್ಯಾಸಿಟರ್, ಹುಣಿಸೆ ಬೀಜದಷ್ಟಿದ್ದ ಸಾಮಾನು. ಅತ್ತಿಗೆ ಕಿಟಕಿ ತೆಗೆದು ಹೇಳಿದರು: “ಮುಷ್ಕರ ಮಾಡಿಸೋದು ನಿನಗೆ ಗೊತ್ತು, ಸ್ವಿಚ್ ಹಾಕೋದು ನನಗೆ ಗೊತ್ತು. ಅವರವರ ಕೆಲಸ ಅವರವರು ಮಾಡೋಣ.”

ಆಮೇಲೆ ಹನ್ನೆರಡು ದಿನ ನಾನು ಸ್ಟೂಲಿನ ಮೇಲೆ ಕೂತು ನೋಡಿದೆನೇ ಹೊರತು ಏನನ್ನೂ ಮುಟ್ಟಲಿಲ್ಲ. ಊದಿಕೊಂಡಿದ್ದ ಕೆಪ್ಯಾಸಿಟರುಗಳನ್ನೆಲ್ಲ ಅವರು ಒಂದೊಂದಾಗಿ ಕಳಚಿ ಹೊಸದನ್ನು ಬೆಸೆದರು. ಫ್ಲಾಪಿ ತಿರುಗಿಸುವ ಬೆಲ್ಟು ಕರಗಿ ಡಾಂಬರಿನಂತಾಗಿತ್ತು. ಅದನ್ನು ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಸ್ಪಿರಿಟ್ಟಿನಲ್ಲಿ ಅದ್ದಿ ಕೆರೆದು ತೆಗೆದು, ಟೇಪ್ ರೆಕಾರ್ಡರಿನ ಬೆಲ್ಟು ಹಾಕಿದರು. ತಮ್ಮ ಎರಡು ಡ್ರೈವುಗಳಲ್ಲಿ ಒಂದನ್ನು ಬಲಿಕೊಟ್ಟು ಇನ್ನೊಂದನ್ನು ಉಳಿಸಿದರು. ಪ್ರತಿ ಕೀಲಿಯ ಕೆಳಗಿದ್ದ ಮೆತ್ತೆ ಪುಡಿಯಾಗಿತ್ತು. ಹೊಲಿಗೆ ಅಕ್ಕ ಪ್ಯಾಕಿಂಗಿನ ಫೋಮು ತಂದು, ಅಂಗಿಯ ಗುಂಡಿಯ ಅಳತೆಗೆ ಎಂಬತ್ತಮೂರು ಬಿಲ್ಲೆ ಕತ್ತರಿಸಿಕೊಟ್ಟರು, ಒಂದೂ ಸೊಟ್ಟಗಿರಲಿಲ್ಲ. ಫ್ಲಾಪಿಗೆ ಬೂಷ್ಟು ಹಿಡಿದಿತ್ತು. ಅತ್ತಿಗೆ ಅದರ ಕವಚವನ್ನು ಬ್ಲೇಡಿನಿಂದ ಸೀಳಿ, ಒಳಗಿನ ಕಂದು ಬಿಲ್ಲೆಯನ್ನು ಹೊರತೆಗೆದು, ಸೋಪಿನ ನೀರಿನಲ್ಲಿ ಬೆರಳ ತುದಿಯಿಂದ ತೊಳೆದು, ಎರಡು ಕರವಸ್ತ್ರದ ನಡುವೆ ಒಣಗಿಸಿ, ಬೇರೊಂದು ಕವಚಕ್ಕೆ ಸೇರಿಸಿದರು. ನಲವತ್ತಮೂರು ಮನೆಗಳನ್ನು ಹೀಗೆ ಜಾಲಿಸಿ ತೊಳೆಯುವುದನ್ನು ನೋಡುತ್ತ ನಾನು ಸ್ಟೂಲಿನ ಅಂಚಿಗೆ ಬಂದಿದ್ದೆ.

ಹದಿಮೂರನೆಯ ದಿನ ತಾವು ಕಣ್ಣು ತೆರೆದಿರಿ. ಒಂದು ಹಸಿರು ಚುಕ್ಕೆ, ಆಮೇಲೆ ಒಂದು ಗೆರೆ, ಆಮೇಲೆ ಮೊಳೆ ಅಂದು ಬರೆದಿಟ್ಟ ಪ್ರಶ್ನೆ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ: ಮೊದಲ ಪದ?

ಅಯ್ಯೋ ಎಂದು ನಾನು ತಲೆಯ ಮೇಲೆ ಕೈ ಹೊತ್ತು ಕೂತದ್ದು ಆಗ. ಈ ಸಂಗತಿ ನನಗೆ ಮರೆತೇ ಹೋಗಿತ್ತು. ಪಟ್ಟಿ ಒಬ್ಬನ ಕೈಯಲ್ಲಿ ಇರಕೂಡದು, ಒಬ್ಬನನ್ನು ಕೊಳ್ಳಬಹುದು ಹೆದರಿಸಬಹುದು ಎಂದು ಅಂದು ನಾಲ್ಕು ಗಂಟೆ ಚರ್ಚೆ ಮಾಡಿ ಒಂದು ನಿರ್ಣಯ ಪಾಸು ಮಾಡಿದ್ದೆವು: ಗುಟ್ಟಿನ ಪದ ಮೂರು, ಮೊದಲನೆಯದು ಕಾರ್ಯದರ್ಶಿಯದು, ಎರಡನೆಯದು ಟೀಚರಮ್ಮನದು, ಮೂರನೆಯದು ಮೊಳೆಯದು, ಒಬ್ಬರದನ್ನು ಒಬ್ಬರಿಗೆ ಹೇಳುವಂತಿಲ್ಲ, ಮೂವರೂ ಕೂಡಿದರಷ್ಟೇ ಪಟ್ಟಿ ತೆರೆಯಬೇಕು. ಜಗತ್ತಿನ ಅತ್ಯಂತ ಪ್ರಜಾಸತ್ತಾತ್ಮಕ ಬೀಗ ಎಂದು ನಾನೇ ಹೊಗಳಿದ್ದೆ. ಬೀಗ ಹಾಕಿ ಮೂರು ವರ್ಷಕ್ಕೆ ನಾವು ಮೂರು ಹೋಳಾದೆವು.

ಹೋಳಾದದ್ದು ತತ್ವಕ್ಕಾಗಿ ಎಂದು ಹೊರಗೆ ಹೇಳುತ್ತೇವೆ. ಬೋರ್ಡಿಗಾಗಿ. ಪೇಂಟರು ‘ಹಿಂದಿನ ಬೀದಿ ಬಾಡಿಗೆದಾರರ’ ಎಂದು ಬರೆದು, ಮುಂದೇನು ಎಂದು ಕುಂಚ ಎತ್ತಿಕೊಂಡು ನಿಂತರು. ಸಂಘ ಎಂದೆ ನಾನು. ಸಂಘವೆಂದರೆ ಅರ್ಜಿ ಗೀಚುವ ಗುಮಾಸ್ತಿಕೆ, ಹೋರಾಟ ಸಮಿತಿ ಎಂದಾಗಬೇಕು ಎಂದ ಮೊಳೆ. ಸಮಿತಿಯೆಂದರೆ ಐದು ಗಂಡಸರು ಕೂತು ಗಡ್ಡ ಕೆರೆಯುವುದು, ಹೆಂಗಸರೂ ನಿಂತು ಮಾತಾಡುವಂತೆ ವೇದಿಕೆ ಎಂದಾಗಬೇಕು ಎಂದರು ಟೀಚರಮ್ಮ. ಸಂಜೆಯವರೆಗೆ ಕಾದು ಪೇಂಟರು ಮನೆಗೆ ಹೋದರು. ಅಂದಿನಿಂದ ಮೂವತ್ತೈದು ವರ್ಷ, ಒಂದೇ ಬೀದಿಯಲ್ಲಿ ಒಂದು ಸಂಘ, ಒಂದು ಸಮಿತಿ, ಒಂದು ವೇದಿಕೆ; ನಲವತ್ತಮೂರು ಬಾಗಿಲಿಗೆ ಮೂವರು ಮುಖಂಡರು; ಮೂರೂ ಬಿಟ್ಟವರು ಊರಿಗೆ ದೊಡ್ಡವರು ಎಂಬ ಗಾದೆ ನಮ್ಮನ್ನು ನೋಡಿಯೇ ಹುಟ್ಟಿರಬೇಕು ಎಂದು ಬೀಗದ ಅಂಗಡಿಯವರು ಆಗಾಗ ಹೇಳುತ್ತಾರೆ. ಎದುರುಬದುರಾದರೆ ಟೀಚರಮ್ಮ ಅಂಗಡಿಯ ಬೆಲೆಪಟ್ಟಿ ಓದಲು ತೊಡಗುತ್ತಾರೆ, ಮೊಳೆ ಚಪ್ಪಲಿಯಲ್ಲಿ ಇಲ್ಲದ ಕಲ್ಲು ತೆಗೆಯುತ್ತಾನೆ, ನಾನು ಆಕಾಶ ನೋಡುತ್ತೇನೆ.

ಆದ್ದರಿಂದ ಮಾನ್ಯರೇ, ತಮ್ಮನ್ನು ಬಯ್ಯಲೆಂದು ಹಿಡಿದ ಪೆನ್ನಿನಿಂದ ಒಂದು ಪ್ರಶಂಸೆಯನ್ನೂ ಬರೆಯಬೇಕಾಗಿದೆ. ನಮ್ಮ ಒಡಕನ್ನು ಇವತ್ತಿನವರೆಗೂ ಒಪ್ಪಿಕೊಳ್ಳದ ಏಕೈಕ ಸದಸ್ಯರು ತಾವು. ಬಣ ಸೇರಲಿಲ್ಲ, ರಾಜೀನಾಮೆ ಬಿಸಾಡಲಿಲ್ಲ, ಎದುರಾಳಿಯ ಕರಪತ್ರಕ್ಕೆ ಉತ್ತರ ಬರೆಯಲಿಲ್ಲ. ಫ್ಯಾನಿನ ಕೆಳಗೆ ಧೂಳು ತಿನ್ನುತ್ತ, ಆ ಮೂವರು ಈಗಲೋ ಆಗಲೋ ಒಟ್ಟಿಗೆ ಬಂದೇ ಬರುತ್ತಾರೆ ಎಂದು ನಂಬಿ ಕೂತಿರಿ. ಇಂಥ ನಿಷ್ಠೆಯನ್ನು ನಾನು ಯಾವ ಕಾರ್ಯಕರ್ತನಲ್ಲೂ ಕಂಡಿಲ್ಲ; ಇಂಥ ಪೆದ್ದುತನವನ್ನೂ ಕಂಡಿಲ್ಲ.

ಇಷ್ಟು ಗೌರವಿಸಿದ ಮೇಲೆ ನಮ್ಮ ಹಕ್ಕೊತ್ತಾಯಗಳನ್ನು ಸಹಾನುಭೂತಿಯಿಂದ ಪರಿಶೀಲಿಸುವಿರೆಂದು ನಂಬಿದ್ದೇನೆ. ಮೂರು ಪದದ ಬದಲು ಮೂರರಲ್ಲಿ ಎರಡರ ಬಹುಮತವನ್ನು ಮಾನ್ಯ ಮಾಡಬೇಕು. ಅದಾಗದಿದ್ದರೆ ಗೈರುಹಾಜರಾದವರ ಪರವಾಗಿ ಕಾರ್ಯದರ್ಶಿಯ ಊಹೆಯನ್ನು ಸ್ವೀಕರಿಸಬೇಕು. ಅದೂ ಆಗದಿದ್ದರೆ ಒಂದು ಪದದ ಬದಲಿಗೆ ಒಂದು ಭಾಷಣ ತೆಗೆದುಕೊಳ್ಳಬೇಕು, ನನ್ನಲ್ಲಿ ದಾಸ್ತಾನಿದೆ. ಕೊನೆಯ ಪಕ್ಷ ತಮ್ಮ ಪರದೆಯ ಮೇಲೆ ‘ಪರಿಶೀಲನೆಯಲ್ಲಿದೆ’ ಎಂದಾದರೂ ಮೂಡಿಸಬೇಕು, ಅದನ್ನು ನೋಡಿದರೆ ಕಚೇರಿಯ ಗುಮಾಸ್ತರಿಗೆ ಸ್ವಂತ ಮನೆಗೆ ಬಂದಂತಾದೀತು.

ಬೀಗ ಒಡೆಯಬಹುದಲ್ಲ ಎಂದು ಅತ್ತಿಗೆಯನ್ನು ಕೇಳಿದೆ. ಅವರು ಸ್ವಿಚ್ ಆರಿಸಿ, ಫ್ಲಾಪಿ ಹೊರಗೆಳೆದು, ಡ್ರೈವಿನ ಬಾಯಿಗೆ ಬಿಳಿ ಬಟ್ಟೆ ತಾಗಿಸಿ ತೋರಿಸಿದರು. ಕಂದು ಪುಡಿ ಹತ್ತಿತ್ತು. “ಬೀಗ ಒಡೆದ್ರೂ ಪ್ರಯೋಜನ ಇಲ್ಲ, ಒಳಗೆ ಮೊಳೆ ಅಕ್ಷರಾನೇ ಕಲಸಿಟ್ಟಿದಾನೆ, ಆ ಮೂರು ಪದ ಇಲ್ದೆ ಬಿಡಿಸೋಕಾಗಲ್ಲ. ತಿರುಗಿಸಿದಷ್ಟೂ ಪುಡಿ ಉದುರುತ್ತೆ. ಇನ್ನೊಂದು ಸಲ ಓದುತ್ತೆ. ಅದಕ್ಕಿಂತ ಹೆಚ್ಚಿಗೆ ನಾನು ಮಾತು ಕೊಡಲ್ಲ.” ನಕಲು ತೆಗೆದಿಡೋಣ ಎಂದರೆ, ನಕಲು ತೆಗೆಯುವುದೂ ಒಂದು ಓದೇ ಎಂದರು. ಇರುವುದು ಒಂದೇ ಅವಕಾಶ. ಊಹೆಗೆ, ತಮಾಷೆಗೆ, ಅಹಂಕಾರಕ್ಕೆ ಜಾಗವಿಲ್ಲ.

ಮಾನ್ಯರೇ, ಇಲ್ಲಿಯವರೆಗಿನ ಪತ್ರವನ್ನು ನಾನು ಸಂಘದ ಲೆಟರ್‌ಹೆಡ್ಡಿನಲ್ಲಿ ಬರೆದೆ. ಇಲ್ಲಿಂದ ಮುಂದಿನದನ್ನು ಬಿಳಿ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಅವರಿಬ್ಬರು ಹಟಮಾರಿಗಳು, ಅವರಿಂದಾಗಿ ಹೊಲಿಗೆ ಅಕ್ಕನ ಕೋಣೆ ಹೋಗಲಿದೆ ಎಂದು ನಾನು ಒಂದು ವಾರ ಬೀದಿಯ ಉದ್ದ ಅಗಲ ಹೇಳಿಕೊಂಡು ತಿರುಗಿದೆ, ಕೋತಿ ತಾನು ಬೆಣ್ಣೆ ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ. ನಿಜ ಏನೆಂದರೆ, ನನ್ನ ಪದ ನನಗೆ ನೆನಪಿಲ್ಲ. ನೋಟ್‌ಬುಕ್ಕಿನಲ್ಲಿ ಸಾಧ್ಯವಿರುವ ಪದಗಳನ್ನು ಬರೆಯುತ್ತ ಹೋದೆ: ಐಕ್ಯತೆ, ಹಕ್ಕು, ಸೂರು, ನ್ಯಾಯ, ಎಚ್ಚರ. ನೂರ ಹನ್ನೊಂದಕ್ಕೆ ನಿಂತಿತು. ನಲವತ್ತು ವರ್ಷ ಮಾಡಿದ ಭಾಷಣಗಳನ್ನೆಲ್ಲ ಹಿಂಡಿದರೆ ಸಿಗುವುದು ನೂರ ಹನ್ನೊಂದು ಪದ ಎಂದು ಅಂದೇ ನನಗೆ ತಿಳಿದದ್ದು. ಅವುಗಳಲ್ಲಿ ಯಾವುದು ಎಂದು ಮಾತ್ರ ತಿಳಿಯಲಿಲ್ಲ.

ಇದನ್ನು ಮೊದಲು ಹೇಳಿದ್ದು ಹೊಲಿಗೆ ಅಕ್ಕನಿಗೆ. ಅವರ ಕೋಣೆಯ ಹೊಸ್ತಿಲಲ್ಲಿ ನಿಂತು ಹೇಳಿದೆ. ಮುನ್ನುಡಿ ಹಾಕದೆ, ಪರಿಸ್ಥಿತಿಯ ವಿಶ್ಲೇಷಣೆ ಮಾಡದೆ ಹೇಳಿದೆ. ಅವರು ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದರು. ಅತ್ತಿಗೆಯನ್ನು ಕರೆದುಕೊಂಡು ಎದ್ದು ಹೋದರು, ಮೊದಲು ಟೀಚರಮ್ಮನ ಮನೆಗೆ, ಆಮೇಲೆ ಮೊಳೆಯ ಮನೆಗೆ.

ಟೀಚರಮ್ಮ ನಕ್ಕರಂತೆ. ಅತ್ತಿಗೆ ಆ ಮಾತನ್ನು ಒಂದಕ್ಷರ ಬಿಡದೆ ತಂದು ನನ್ನ ಮುಂದಿಟ್ಟರು: “ನಮ್ಮಿಬ್ಬರನ್ನೂ ಗೋಡೆ ಕಡೆ ತಿರುಗಿಸಿ ನಿಲ್ಲಿಸಿ, ಆ ಮನುಷ್ಯ ಒಂದೊಂದಕ್ಷರನೂ ಬಾಯಲ್ಲಿ ಜೋರಾಗಿ ಹೇಳ್ಕೊಂಡು ಒತ್ತಿದ್ರು. ಮನಸ್ಸಲ್ಲೇ ಓದೋಕೆ ಅವರಿಗೆ ಎಂದೂ ಬರ್ಲಿಲ್ಲ. ಅವರ ಪದ ನನಗೂ ಗೊತ್ತು, ಮೊಳೆಗೂ ಗೊತ್ತು. ಬಂದು ಕೇಳ್ಲಿ, ಹೇಳ್ತೀನಿ.” ಚೀಟಿಯಲ್ಲಿ ಬರೆದುಕೊಡಿ ಎಂದು ಅತ್ತಿಗೆ ಕೇಳಿದ್ದಕ್ಕೆ, ಚೀಟಿ ಬರೆಯುವುದು ಸಂಘದವರ ಕೆಲಸ ಎಂದರಂತೆ.

ಇದಕ್ಕೆ ಏನೆನ್ನಬೇಕು ಮಾನ್ಯರೇ? ಮೂವತ್ತೈದು ವರ್ಷ ನಾನು ಯಾರ ವಿರುದ್ಧ ಕರಪತ್ರ ಬರೆದೆನೋ ಅವರು ನನ್ನ ಮಾತನ್ನು ನನಗಿಂತ ಚೆನ್ನಾಗಿ ಕಾದಿಟ್ಟುಕೊಂಡಿದ್ದಾರೆ. ಜೊತೆಗಿದ್ದವರಲ್ಲಿ ಯಾರನ್ನು ಕೇಳಿದರೂ ಒಬ್ಬೊಬ್ಬರು ಒಂದೊಂದು ಪದ ಹೇಳುತ್ತಾರೆ. ಬಿಟ್ಟುಹೋದವರಿಬ್ಬರಿಗೆ ಒಂದೇ ಪದ ಗೊತ್ತಿದೆ.

ಮೊಳೆ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ತನ್ನ ಪದ ಕಂಠಪಾಠವಿದೆ, ಆದರೆ ಸಂಘ ಕರೆದ ಸಭೆಗೆ ಸಮಿತಿ ಬರುವುದಿಲ್ಲ, ವೇದಿಕೆ ಕರೆದರೂ ಬರುವುದಿಲ್ಲ ಎಂದನಂತೆ. ಹಾಗಾದರೆ ಸಮಿತಿಯೇ ಕರೆಯಲಿ ಎಂದು ಅತ್ತಿಗೆ ಹೇಳಿದರೆ, ಅದಕ್ಕೆ ಕಾರ್ಯಕಾರಿಣಿಯ ಒಪ್ಪಿಗೆ ಬೇಕು, ಕಾರ್ಯಕಾರಿಣಿಯಲ್ಲಿ ಉಳಿದಿರುವುದು ತಾನೊಬ್ಬನೇ, ಒಬ್ಬನಿಗೆ ಕೋರಂ ಆಗುವುದಿಲ್ಲ ಎಂದನಂತೆ. ನಗಬೇಡಿ. ನಾನಾದರೂ ಇದನ್ನೇ ಹೇಳುತ್ತಿದ್ದೆ. ನಾವು ಮೂವರೂ ಒಂದೇ ಶಾಲೆಯಲ್ಲಿ ಕಲಿತವರು.

ಗಂಟು ಬಿಡಿಸಿದ್ದು ಹೊಲಿಗೆ ಅಕ್ಕ. ಅವರು ಮೊಳೆಯ ಬಾಗಿಲಲ್ಲೇ ನಿಂತು, ಅವನ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದು ಹೇಳಿದರಂತೆ: “ಸಂಘನೂ ಬೇಡ, ಸಮಿತಿನೂ ಬೇಡ, ಸಭೆ ಅಂತ ಯಾರೂ ಕರೀಬೇಡಿ. ಈ ತೋಳು ಬಿಟ್ಕೊಂಡಿದೆ, ಮಂಗಳವಾರ ಹೊಲಿಸ್ಕೊಳ್ಳೋಕೆ ಬನ್ನಿ. ಟೀಚರಮ್ಮನೂ ಒಂದು ಹರಿದ ಬಟ್ಟೆ ತರ್ತಾರೆ, ಕಾರ್ಯದರ್ಶಿಗಳ ಹತ್ರ ಹರೀದೇ ಇರೋದು ಏನೂ ಇಲ್ಲ. ಗಿರಾಕಿಗಳು ಒಂದೇ ಹೊತ್ತಿಗೆ ಬಂದ್ರೆ ಯಾವ ಸಂವಿಧಾನ ಬೇಡ ಅನ್ನುತ್ತೆ?” ಮೊಳೆ ತೋಳನ್ನು ತಿರುಗಿಸಿ ನೋಡಿದನಂತೆ. ಆಮೇಲೆ, ಬೆಳಗ್ಗೆ ಹೊಲಿಗೆ ಚೆನ್ನಾಗಿಯೇ ಇತ್ತಲ್ಲ ಎಂದನಂತೆ. ಅಕ್ಕನ ಇನ್ನೊಂದು ಕೈಯಲ್ಲಿ ದಾರ ಬಿಚ್ಚುವ ಕತ್ತರಿ ಇತ್ತು ಎಂದು ಅತ್ತಿಗೆ ಹೇಳುತ್ತಾರೆ.

ಆದ್ದರಿಂದ ತಮಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಮೇಲೆ ಮಂಡಿಸಿದ ಹಕ್ಕೊತ್ತಾಯಗಳನ್ನೆಲ್ಲ ನಾವು ಬೇಷರತ್ತಾಗಿ ಹಿಂತೆಗೆದುಕೊಂಡಿದ್ದೇವೆ. ಬಹುಮತ ಬೇಡ, ಊಹೆ ಬೇಡ, ಭಾಷಣ ಖಂಡಿತ ಬೇಡ. ಮೂರು ಪದವನ್ನೇ ಕೇಳಿ, ಮೂವರ ಬೆರಳಿನಿಂದಲೇ ಕೇಳಿ, ನಿಯಮದಲ್ಲಿ ಒಂದಿಂಚೂ ಸಡಿಲಿಸಬೇಡಿ. ಟೀಚರಮ್ಮನ ಎದುರು ನಿಂತು, ನನ್ನ ಪದ ಯಾವುದಮ್ಮ ಎಂದು ಕೇಳುವ ವಾಕ್ಯವನ್ನು ನಾನು ಮೂರು ದಿನದಿಂದ ಅಭ್ಯಾಸ ಮಾಡುತ್ತಿದ್ದೇನೆ. ಮೂರು ಪದದ ವಾಕ್ಯ, ಇಡೀ ಜೀವನದಲ್ಲಿ ಇಷ್ಟು ಚಿಕ್ಕದನ್ನು ಇಷ್ಟು ಕಷ್ಟಪಟ್ಟು ಕಲಿತದ್ದಿಲ್ಲ. ತಮ್ಮನ್ನು ಅಕ್ಕನ ಕೋಣೆಗೆ ನಾನೇ ಹೊತ್ತು ತರುತ್ತೇನೆ; ತಮ್ಮಿಂದ ಕೇಳುವುದು ಒಂದೇ. ಆ ಪುಡಿ ಇನ್ನೊಂದು ಸಲ ತಡೆದುಕೊಳ್ಳಲಿ. ಹತ್ತೊಂಬತ್ತನೇ ಸಾಲು ಬರುವವರೆಗೆ ತಿರುಗಿ. ಅಲ್ಲಿ ಆ ಹೆಂಗಸಿನ ಹೆಸರು ಇದೆ, ಅದರ ಮುಂದೆ ಯಜಮಾನಿ ಎಂದಿದೆ. ಅದನ್ನು ಗುಮಾಸ್ತರ ಕಣ್ಣಿಗೆ ತೋರಿಸಿ, ಆಮೇಲೆ ಬೇಕಾದರೆ ಮತ್ತೆ ಹೊಗೆ ಬಿಡಿ. ನಾವೇ ಕಿಟಕಿ ತೆಗೆಯುತ್ತೇವೆ.

ಇತಿ, ಹತ್ತೊಂಬತ್ತನೇ ಸಾಲಿನವರೆಗಾದರೂ

ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಹಿಂದಿನ ಬೀದಿ ಬಾಡಿಗೆದಾರರ ಸಂಘ
(ಅಥವಾ ಸಮಿತಿ, ಅಥವಾ ವೇದಿಕೆ, ಓದುವವರ ಇಷ್ಟ)

ತಾ.ಕ.: ಈ ಪತ್ರದ ಪ್ರತಿಯನ್ನು ಪುನರ್ವಸತಿ ಕಚೇರಿಗೂ ಕಳಿಸಿದ್ದೇನೆ, ಕಳೆದುಹಾಕಲು ಅನುಕೂಲವಾಗಲೆಂದು ಎರಡು ಪ್ರತಿ. ಗಿರಾಕಿಗಳ ಈ ಆಕಸ್ಮಿಕ ಭೇಟಿಯ ಅಧ್ಯಕ್ಷತೆ ಯಾರದು ಎಂಬ ಪ್ರಶ್ನೆಯನ್ನು ಈಗಾಗಲೇ ಸಮಿತಿಯ ಕಡೆಯಿಂದ ಒಬ್ಬರು, ವೇದಿಕೆಯ ಕಡೆಯಿಂದ ಒಬ್ಬರು ಎತ್ತಿದ್ದಾರೆಂದು ತಿಳಿದುಬಂದಿದೆ. ಇಬ್ಬರ ಗಮನಕ್ಕೆ: ಆ ಕೋಣೆಯಲ್ಲಿರುವುದು ಒಂದೇ ಕುರ್ಚಿ, ಅದು ಹೊಲಿಗೆ ಯಂತ್ರದ ಹಿಂದಿದೆ, ಅದರಲ್ಲಿ ಮನೆಯ ಯಜಮಾನಿ ಕೂರುತ್ತಾರೆ, ಉಳಿದವರು ನಿಂತಿರತಕ್ಕದ್ದು. ಗುಮಾಸ್ತರು ಬರುವುದು ನಾಲ್ಕಕ್ಕೆ. ನಮಗೆ ಜಗಳ ಮುಗಿಸಲು ಒಂದು ಗಂಟೆಯಾದರೂ ಬೇಕು. ಆದ್ದರಿಂದ ಹತ್ತೊಂಬತ್ತನೇ ಬಾಗಿಲು, ಮಂಗಳವಾರ, ಮಧ್ಯಾಹ್ನ ಮೂರು ಗಂಟೆ.